ಹೊರಗಿನ ಕ್ಯಾಲೆಂಡರ್ ಫೋನಿಗೆ ಬರಬೇಕಾ? ತಪ್ಪದ ಹಾಗೆ ಹಂತ ಹಂತವಾಗಿ ಹೀಗೆ ಮಾಡಿ

"ಲಿಂಕ್ ಹಾಕಿದೆ, ಮೊದಲ ದಿನ ಎಲ್ಲಾ ಬಂತು, ಆಮೇಲೆ ಏನೂ ಬದಲಾಗಲೇ ಇಲ್ಲ." "ಕಂಪ್ಯೂಟರಿನಲ್ಲಿ ಕಾಣುತ್ತದೆ, ಫೋನಿನಲ್ಲಿ ಇಲ್ಲ." "ಲಿಂಕ್ ಒತ್ತಿದರೆ ಯಾವುದೋ ಫೈಲ್ ಡೌನ್‌ಲೋಡ್ ಆಗುತ್ತದೆ, ಅಷ್ಟೇ." ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಹೋಂಸ್ಟೇ ನಡೆಸುವವರಿಂದ ಹಿಡಿದು ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುವ ಮಕ್ಕಳ ತನಕ ಎಲ್ಲರ ದೂರೂ ಈ ಮೂರರಲ್ಲಿ ಒಂದು. ಇಲ್ಲಿ ಲಿಂಕ್ ಅಂದರೆ ಕಾಲೇಜು, ಬುಕಿಂಗ್ ಸೈಟು ಇಂಥವರು ತಮ್ಮ ದಿನಾಂಕಗಳ ಪಟ್ಟಿಗೆ ಕೊಡುವ ವಿಳಾಸ.

ಮೂರಕ್ಕೂ ಬೇರು ಒಂದೇ. ಲಿಂಕಿನಲ್ಲಿ ಇರುವುದನ್ನು ಯಾರು ಹೋಗಿ ತರುತ್ತಾರೆ ಅನ್ನುವುದನ್ನು ನೋಡದೆ ಬಟನ್ ಒತ್ತಲು ಶುರು ಮಾಡುತ್ತೇವೆ. ಫೋನೇ ತರುತ್ತದಾ? ಗೂಗಲ್ ತಂದು ಫೋನಿಗೆ ಕೊಡುತ್ತದಾ? ಅಥವಾ ಯಾರೂ ತರುತ್ತಿಲ್ಲ, ಒಂದು ಸಲ ಕಾಪಿ ಆಗಿ ಸುಮ್ನೆ ನಿಂತಿದೆಯಾ? ಪ್ರತಿ ಹಂತದಲ್ಲೂ ಈ ಪ್ರಶ್ನೆ ಕೇಳಿಕೊಳ್ಳಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಕ್ಯಾಲೆಂಡರ್ ಲಿಂಕ್. ಗೂಗಲ್ ಅಥವಾ ಆಪಲ್ ಅಕೌಂಟಿನ ಪಾಸ್‌ವರ್ಡ್. ಸಾಧ್ಯವಾದರೆ ಒಂದು ಕಂಪ್ಯೂಟರ್. ಇಲ್ಲದಿದ್ದರೂ ನಡೆಯುತ್ತದೆ, ಅದನ್ನು ಮುಂದೆ ಹೇಳಿದ್ದೇನೆ. ಕಾಲು ಗಂಟೆ ಕಡಿಯದೆ ಸಿಗುವ ನೆಟ್‌ವರ್ಕ್. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ಟವರೂ ಹೋಗುವ ಊರಾದರೆ ಪೇಟೆಗೆ ಬಂದಾಗ ಈ ಕೆಲಸ ಮಾಡಿಕೊಳ್ಳಿ. ಒಮ್ಮೆ ಫೋನಿಗೆ ಇಳಿದ ದಿನಾಂಕಗಳು ಸಿಗ್ನಲ್ ಇಲ್ಲದಿದ್ದರೂ ಕಾಣುತ್ತವೆ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಫೋನಿನಲ್ಲಿ ಎಷ್ಟು ಗೂಗಲ್ ಅಕೌಂಟ್ ಇವೆ ನೋಡಿಕೊಳ್ಳಿ. ಅಂಗಡಿಯವರು ಫೋನ್ ಕೊಡುವಾಗ ಮಾಡಿಕೊಟ್ಟದ್ದು ಒಂದು, ಮಗ ಮಾಡಿಕೊಟ್ಟದ್ದು ಒಂದು, ಹೀಗೆ ಎರಡು ಇರುವುದು ಮಾಮೂಲು. ಕಂಪ್ಯೂಟರಿನಲ್ಲಿ ಒಂದು ಅಕೌಂಟಿಗೆ ಲಿಂಕ್ ಹಾಕಿ, ಫೋನಿನಲ್ಲಿ ಇನ್ನೊಂದನ್ನು ನೋಡುತ್ತಾ ಕೂತರೆ ಏನೂ ಬರುವುದಿಲ್ಲ. ಯಾವ ಅಕೌಂಟ್ ಬಳಸುತ್ತೀರಿ ಎಂದು ಈಗಲೇ ಗಟ್ಟಿ ಮಾಡಿಕೊಳ್ಳಿ.

ಹಂತ 1: ಲಿಂಕ್ ಸರಿಯಾದದ್ದಾ ಪರೀಕ್ಷಿಸಿ

ಕ್ಯಾಲೆಂಡರ್ ಲಿಂಕ್ ಬೇರೆ, ಕ್ಯಾಲೆಂಡರ್ ಇರುವ ವೆಬ್ ಪುಟದ ವಿಳಾಸ ಬೇರೆ. ಬ್ರೌಸರಿನ ಮೇಲ್ಗಡೆ ಕಾಣುವ ವಿಳಾಸವನ್ನೇ ಕಾಪಿ ಮಾಡಿ ಹಾಕುವುದು ಎಲ್ಲಕ್ಕಿಂತ ಜಾಸ್ತಿ ಜನ ಮಾಡುವ ತಪ್ಪು. ಅದು ಪುಟ, ಫೀಡ್ ಅಲ್ಲ. ಫೀಡ್ ಅಂದರೆ ಫೋನ್ ಅಥವಾ ಗೂಗಲ್ ಓದಿಕೊಳ್ಳುವ ದಿನಾಂಕಗಳ ಫೈಲ್.

ಫೀಡ್ ಲಿಂಕುಗಳು ಹೆಚ್ಚಾಗಿ ಡಾಟ್ ಐಸಿಎಸ್ ಎಂದು ಕೊನೆಯಾಗುತ್ತವೆ. ಗೂಗಲ್ ಕ್ಯಾಲೆಂಡರಿನಿಂದ ಬಂದದ್ದಾದರೆ ಬಾಲದಲ್ಲಿ 'ಬೇಸಿಕ್ ಡಾಟ್ ಐಸಿಎಸ್' ಇರುತ್ತದೆ. ಎಲ್ಲವೂ ಹೀಗೇ ಇರಬೇಕೆಂದಿಲ್ಲ. ಕೆಲವು ಲಿಂಕುಗಳ ಬಾಲದಲ್ಲಿ ಉದ್ದದ ಅಂಕಿ ಅಕ್ಷರಗಳ ಗೋಜಲು ಇರುತ್ತದೆ, ಅದೂ ಸರಿಯೇ. ಆ ಗೋಜಲನ್ನು ಪೂರ್ತಿ ಕಾಪಿ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಎರಡು ಸಾಲಾಗಿ ಮುರಿದಿದ್ದರೆ ಒಂದು ಸಾಲು ಮಾತ್ರ ಕಾಪಿ ಆಗಿರಬಹುದು.

ಅನುಮಾನ ಇದ್ದರೆ ಲಿಂಕನ್ನು ಬ್ರೌಸರಿನಲ್ಲಿ ತೆರೆಯಿರಿ. ಒಂದು ಫೈಲ್ ಡೌನ್‌ಲೋಡ್ ಆದರೆ ಅಥವಾ ಬರೀ ಅಕ್ಷರಗಳ ಪುಟ ತೆರೆದರೆ ಒಳ್ಳೆಯ ಲಕ್ಷಣ. ಆ ಫೈಲಿನ ಮೊದಲ ಸಾಲು 'ಬಿಗಿನ್', ಒಂದು ಕೋಲನ್, 'ವಿಕ್ಯಾಲೆಂಡರ್' ಎಂದು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇರಬೇಕು. ಬಣ್ಣಬಣ್ಣದ ತಿಂಗಳ ಪುಟ ತೆರೆದರೆ ಅದು ತಪ್ಪು ಲಿಂಕ್. ಲಾಗಿನ್ ಕೇಳಿದರೂ ತಪ್ಪು ಲಿಂಕೇ. ನಿಮ್ಮ ಪಾಸ್‌ವರ್ಡ್ ಹಾಕಿ ತೆರೆದದ್ದು ಗೂಗಲ್ಲಿಗೆ ತೆರೆಯುವುದಿಲ್ಲ, ಅದಕ್ಕೆ ನಿಮ್ಮ ಪಾಸ್‌ವರ್ಡ್ ಗೊತ್ತಿಲ್ಲ ಅಲ್ವಾ?

ಪರೀಕ್ಷೆಗೆ ಡೌನ್‌ಲೋಡ್ ಆದ ಆ ಫೈಲನ್ನು ಮಾತ್ರ ಒತ್ತಬೇಡಿ. ಕಾರಣ ಹಂತ 2ರಲ್ಲಿದೆ.

ಲಿಂಕ್ 'ವೆಬ್‌ಕ್ಯಾಲ್' ಎಂದು ಶುರುವಾಗುತ್ತಿದ್ದರೆ ಗಾಬರಿ ಬೇಡ. ಐಫೋನಿನಲ್ಲಿ ಅದನ್ನು ಒತ್ತಿದರೆ ಸಾಕು, ಸೇರಿಸಬೇಕಾ ಎಂದು ಕೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಬಹಳ ಸಲ ಏನೂ ಆಗುವುದಿಲ್ಲ. ಆಗ 'ವೆಬ್‌ಕ್ಯಾಲ್' ಎನ್ನುವ ಜಾಗದಲ್ಲಿ 'ಎಚ್‌ಟಿಟಿಪಿಎಸ್' ಎಂದು ಬದಲಾಯಿಸಿ, ಉಳಿದದ್ದನ್ನು ಹಾಗೇ ಬಿಡಿ.

ಲಿಂಕ್ ಎಲ್ಲಿ ಸಿಗುತ್ತದೆ ಅಂದರೆ, 'ಎಕ್ಸ್‌ಪೋರ್ಟ್', 'ಐಕ್ಯಾಲ್', 'ಸಬ್‌ಸ್ಕ್ರೈಬ್' ಎನ್ನುವ ಪದ ಇರುವ ಕಡೆ. ಕಾಲೇಜು ಮೂಡಲ್ ಎಂಬ ತಂತ್ರಾಂಶ ಬಳಸುತ್ತಿದ್ದರೆ ಅದರ ಕ್ಯಾಲೆಂಡರ್ ಪುಟದ ಎಕ್ಸ್‌ಪೋರ್ಟ್ ಭಾಗದಲ್ಲಿ 'ಗೆಟ್ ಕ್ಯಾಲೆಂಡರ್ ಯುಆರ್‌ಎಲ್' ಎಂಬ ಬಟನ್ ಇರುತ್ತದೆ. ಅದರ ಪಕ್ಕದಲ್ಲೇ ಬರೀ 'ಎಕ್ಸ್‌ಪೋರ್ಟ್' ಬಟನ್ ಕೂಡ ಇದೆ. ಅದನ್ನು ಒತ್ತಿದರೆ ಫೈಲ್ ಬರುತ್ತದೆ, ಲಿಂಕ್ ಬರುವುದಿಲ್ಲ.

ಹಂತ 2: ಯಾರು ತರಬೇಕು, ಈಗಲೇ ತೀರ್ಮಾನಿಸಿ

ದಾರಿ ಮೂರಿವೆ.

ಮೊದಲನೆಯದು ಇಂಪೋರ್ಟ್. ಡೌನ್‌ಲೋಡ್ ಆದ ಫೈಲನ್ನು ಒತ್ತಿ ಒಳಗೆ ಹಾಕಿಕೊಳ್ಳುವುದು. ಇದು ನೋಟಿಸ್ ಬೋರ್ಡಿನ ಫೋಟೋ ತೆಗೆದು ಇಟ್ಟುಕೊಂಡ ಹಾಗೆ: ನಾಳೆ ಬೋರ್ಡಿನಲ್ಲಿ ದಿನಾಂಕ ತಿದ್ದಿದರೆ ಫೋಟೋ ತಿದ್ದಿಕೊಳ್ಳುವುದಿಲ್ಲ. "ಮೊದಲ ದಿನ ಬಂತು, ಆಮೇಲೆ ಇಲ್ಲ" ಎನ್ನುವವರು ಮಾಡಿದ್ದು ಇದನ್ನೇ.

ಎರಡನೆಯದು ಗೂಗಲ್ ಮೂಲಕ ಸಬ್‌ಸ್ಕ್ರೈಬ್ ಆಗುವುದು. ಲಿಂಕನ್ನು ಗೂಗಲ್ಲಿಗೆ ಕೊಡುತ್ತೀರಿ. ಗೂಗಲ್ಲಿನ ಸರ್ವರ್ ತನಗೆ ತೋಚಿದಾಗ ಹೋಗಿ ನೋಡಿಕೊಂಡು ಬರುತ್ತದೆ. ನಿಮ್ಮ ಫೋನ್ ಗೂಗಲ್ಲಿನಿಂದ ಪಡೆಯುತ್ತದೆ. ಅನುಕೂಲ ಏನೆಂದರೆ ಫೋನ್ ಹಾಳಾದರೂ, ಬದಲಾಯಿಸಿದರೂ ಕ್ಯಾಲೆಂಡರ್ ಹೋಗುವುದಿಲ್ಲ. ಅನಾನುಕೂಲ, ನಿಧಾನ. ಬದಲಾವಣೆ ಕಾಣಲು 12 ಗಂಟೆ ತನಕ ಹಿಡಿಯಬಹುದು ಎಂದು ಗೂಗಲ್ಲೇ ಹೇಳುತ್ತದೆ. ಒಮ್ಮೊಮ್ಮೆ ಒಂದು ದಿನವೂ ಆಗುತ್ತದೆ. ಅದನ್ನು ಬೇಗ ಮಾಡಿಸುವ ಬಟನ್ ಇಲ್ಲ.

ಮೂರನೆಯದು ಫೋನೇ ನೇರವಾಗಿ ತರುವುದು. ಐಫೋನಿನಲ್ಲಿ ಈ ಸೌಕರ್ಯ ಒಳಗೇ ಇದೆ. ಆಂಡ್ರಾಯ್ಡ್‌ಗೆ ಒಂದು ಸಣ್ಣ ಆ್ಯಪ್ ಬೇಕು. ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಎಂದು ನೀವೇ ಹೇಳಬಹುದು. ಆದರೆ ಆ ಹೊತ್ತಿಗೆ ಫೋನಿಗೆ ನೆಟ್ ಇರಬೇಕು.

ನನ್ನ ಅಭಿಪ್ರಾಯ: ಪರೀಕ್ಷೆ ವೇಳಾಪಟ್ಟಿ, ರಜೆ, ಪಂದ್ಯದ ದಿನಾಂಕ ಇಂಥವಕ್ಕೆ ಗೂಗಲ್ ಸಾಕು. ಬೆಳಗ್ಗೆ ಬದಲಾದದ್ದು ಮಧ್ಯಾಹ್ನಕ್ಕೆ ಗೊತ್ತಾಗಲೇಬೇಕು ಅನ್ನುವಂಥದ್ದಕ್ಕೆ ಫೋನೇ ತರಲಿ.

ನಾಲ್ಕನೆಯ ಒಂದು ದಾರಿಯೂ ಇದೆ, ಬಹಳ ಜನ ಮರೆಯುತ್ತಾರೆ. ಕ್ಯಾಲೆಂಡರ್ ಮಾಡಿದವರೂ ನೀವೂ ಇಬ್ಬರೂ ಗೂಗಲ್ ಕ್ಯಾಲೆಂಡರ್ ಬಳಸುವವರಾದರೆ ಫೀಡ್ ಲಿಂಕೇ ಬೇಡ. ಅವರಿಗೆ ನಿಮ್ಮ ಜಿಮೇಲ್ ವಿಳಾಸ ಕೊಟ್ಟು ಶೇರ್ ಮಾಡಲು ಹೇಳಿ. ಇಮೇಲಿನಲ್ಲಿ ಬಂದ ಲಿಂಕ್ ಒತ್ತಿ ಒಪ್ಪಿಕೊಂಡರೆ ಮುಗಿಯಿತು. ಅವರು ತಿದ್ದಿದ್ದು ಬೇಗನೆ ನಿಮ್ಮಲ್ಲಿ ಕಾಣುತ್ತದೆ.

ಹಂತ 3: ಗೂಗಲ್ಲಿಗೆ ಲಿಂಕ್ ಕೊಡುವುದು

ಫೋನಿನ ಗೂಗಲ್ ಕ್ಯಾಲೆಂಡರ್ ಆ್ಯಪ್‌ನಲ್ಲಿ ಲಿಂಕ್ ಹಾಕುವ ಜಾಗವೇ ಇಲ್ಲ. ಹುಡುಕಿ ಸುಸ್ತಾಗಬೇಡಿ. ಬ್ರೌಸರಿನಲ್ಲೇ ಮಾಡಬೇಕು.

1. ಕಂಪ್ಯೂಟರಿನಲ್ಲಿ ಕ್ಯಾಲೆಂಡರ್ ಡಾಟ್ ಗೂಗಲ್ ಡಾಟ್ ಕಾಮ್ ತೆರೆಯಿರಿ. ಬಲಗಡೆ ಮೇಲೆ ಇರುವ ಫೋಟೋ ಒತ್ತಿ, ನೀವು ಗಟ್ಟಿ ಮಾಡಿಕೊಂಡ ಅಕೌಂಟೇ ಇದೆಯಾ ನೋಡಿ.

2. ಎಡಗಡೆ ಕೆಳಗೆ 'ಅದರ್ ಕ್ಯಾಲೆಂಡರ್ಸ್' ಎಂದಿದೆ. ಪಕ್ಕದ ಪ್ಲಸ್ ಗುರುತು ಒತ್ತಿ.

3. 'ಫ್ರಮ್ ಯುಆರ್‌ಎಲ್' ಆರಿಸಿ. ಅದರ ಹತ್ತಿರವೇ 'ಇಂಪೋರ್ಟ್' ಕೂಡ ಇದೆ, ಕೈ ತಪ್ಪಿ ಅತ್ತ ಹೋಗಬೇಡಿ.

4. ಲಿಂಕ್ ಪೇಸ್ಟ್ ಮಾಡಿ. ಮುಂದೆ ಹಿಂದೆ ಖಾಲಿ ಜಾಗ ಸೇರಿಕೊಂಡಿದ್ದರೆ ಅಳಿಸಿ. ಕೆಳಗೆ ಎಲ್ಲರಿಗೂ ಕಾಣುವಂತೆ ಮಾಡಬೇಕಾ ಎನ್ನುವ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಬೇಡಿ.

5. 'ಆಡ್ ಕ್ಯಾಲೆಂಡರ್' ಒತ್ತಿ. ಎಡಗಡೆ ಪಟ್ಟಿಯಲ್ಲಿ ಹೊಸ ಹೆಸರು ಸೇರುತ್ತದೆ.

ಕಂಪ್ಯೂಟರ್ ಇಲ್ಲದವರು ಫೋನಿನ ಕ್ರೋಮ್‌ನಲ್ಲಿ ಖಾಲಿ ಟ್ಯಾಬ್ ತೆರೆದು, ಮೂರು ಚುಕ್ಕಿ ಒತ್ತಿ 'ಡೆಸ್ಕ್‌ಟಾಪ್ ಸೈಟ್' ಟಿಕ್ ಮಾಡಿ, ಆಮೇಲೆ ವಿಳಾಸವನ್ನು ಕೈಯಿಂದ ಟೈಪ್ ಮಾಡಿ. ಎಲ್ಲಿಂದಲೋ ಬಂದ ಲಿಂಕ್ ಒತ್ತಿ ಹೋದರೆ ಆ್ಯಪ್ ತೆರೆದುಕೊಳ್ಳುತ್ತದೆ. ಅಕ್ಷರ ಸಣ್ಣದಾಗಿ ಕಾಣುತ್ತದೆ. ಫೋನನ್ನು ಅಡ್ಡ ಹಿಡಿದು, ಬೆರಳಿನಿಂದ ಹಿಗ್ಗಿಸಿಕೊಂಡು ಮಾಡಿ. ಕಿರಿಕಿರಿಯ ಕೆಲಸ, ಆದರೆ ಒಂದೇ ಸಲ.

ಲಿಂಕ್ ಹಾಕಿದ ಕೂಡಲೇ ಗೂಗಲ್ ಬೇಡ ಎಂದರೆ ಮೂರರಲ್ಲಿ ಒಂದು ಕಾರಣ: ಲಿಂಕ್ ಅರ್ಧ ಕಾಪಿ ಆಗಿದೆ, ಅದು ಫೀಡ್ ಅಲ್ಲದೆ ಪುಟ, ಅಥವಾ ಆ ಸೈಟಿನವರು ಗೂಗಲ್ಲಿನ ಯಂತ್ರಗಳಿಗೆ ಬಾಗಿಲು ಹಾಕಿದ್ದಾರೆ. ಮೊದಲ ಎರಡು ನಿಮ್ಮ ಕೈಯಲ್ಲಿವೆ. ಮೂರನೆಯದು ಅಲ್ಲ. ಸುಮ್ನೆ ಹತ್ತು ಸಲ ಪ್ರಯತ್ನಿಸದೆ ಹಂತ 5ಕ್ಕೆ ಹೋಗಿ.

ಬರೀ ಸರ್ಕಾರಿ ರಜೆ, ಹಬ್ಬ ಬೇಕಿದ್ದರೆ ಲಿಂಕ್ ಹುಡುಕುವ ಅಗತ್ಯವೇ ಇಲ್ಲ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಹಾಲಿಡೇಸ್' ಇದೆ, ಭಾರತ ಆರಿಸಿದರೆ ಸಾಕು. ನಮ್ಮೂರಿನ ಜಾತ್ರೆ ಅದರಲ್ಲಿ ಬರುತ್ತದೆ ಎಂದು ಮಾತ್ರ ಕಾಯಬೇಡಿ.

ಹಂತ 4: ಫೋನಿನಲ್ಲಿ ಕಾಣಿಸುವುದು

ಕಂಪ್ಯೂಟರಿನಲ್ಲಿ ಬಂದದ್ದು ಫೋನಿಗೆ ಬರಲು ಮೂರು ಬಾಗಿಲು ದಾಟಬೇಕು. ಯಾವುದಾದರೂ ಒಂದು ಮುಚ್ಚಿದ್ದರೂ ಬರುವುದಿಲ್ಲ. ಇದೇ ಕ್ರಮದಲ್ಲಿ ನೋಡಿ.

1. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು, ಆ ಗೂಗಲ್ ಅಕೌಂಟಿನ ಸಿಂಕ್ (ಗೂಗಲ್ಲಿನಲ್ಲಿ ಇರುವುದನ್ನು ಫೋನಿಗೆ ತಂದು ಹೊಂದಿಸುವುದು) ಪಟ್ಟಿಯಲ್ಲಿ 'ಕ್ಯಾಲೆಂಡರ್' ಆನ್ ಇದೆಯಾ ನೋಡಿ. ಬ್ಯಾಟರಿ ಉಳಿಸಲು ಯಾರೋ ಆಫ್ ಮಾಡಿರುವ ಸಾಧ್ಯತೆ ಇದೆ.

2. ಗೂಗಲ್ ಕ್ಯಾಲೆಂಡರ್ ಆ್ಯಪ್ ತೆರೆದು, ಎಡ ಮೂಲೆಯ ಮೂರು ಗೆರೆ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ. ಅಕೌಂಟಿನ ಕೆಳಗೆ ಹೊಸ ಕ್ಯಾಲೆಂಡರಿನ ಹೆಸರು ಹುಡುಕಿ. ಕಾಣದಿದ್ದರೆ 'ಶೋ ಮೋರ್' ಒತ್ತಿ, ಅಡಗಿರುತ್ತದೆ. ಹೆಸರಿನ ಮೇಲೆ ಒತ್ತಿ 'ಸಿಂಕ್' ಆನ್ ಮಾಡಿ. ಎಲ್ಲರೂ ಎಡವುವ ಜಾಗ ಇದೇ.

3. ಮತ್ತೆ ಮೂರು ಗೆರೆ ಒತ್ತಿ, ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಟಿಕ್ ಇದೆಯಾ ನೋಡಿ.

ಸ್ಯಾಮ್‌ಸಂಗ್ ಫೋನಿನವರು ಅದರದ್ದೇ ಕ್ಯಾಲೆಂಡರ್ ಆ್ಯಪ್ ಬಳಸುತ್ತಿದ್ದರೆ ಅಲ್ಲೂ ಪ್ರತ್ಯೇಕವಾಗಿ ಟಿಕ್ ಹಾಕಬೇಕು.

ಆ್ಯಪ್‌ನಲ್ಲಿ ರಿಫ್ರೆಶ್ ಒತ್ತಿದರೆ ಏನಾಗುತ್ತದೆ ತಿಳಿದಿರಲಿ. ಗೂಗಲ್ಲಿನ ಹತ್ತಿರ ಇರುವುದು ಫೋನಿಗೆ ಬರುತ್ತದೆ, ಅಷ್ಟೇ. ಗೂಗಲ್ ಮತ್ತೆ ಆ ಲಿಂಕಿಗೆ ಹೋಗಿ ನೋಡುವುದಿಲ್ಲ. ಹಾಗಾಗಿ ಹೊಸ ಬದಲಾವಣೆ ಕಂಪ್ಯೂಟರಿನ ಗೂಗಲ್ ಕ್ಯಾಲೆಂಡರಿನಲ್ಲೂ ಇಲ್ಲ ಅಂದರೆ ಫೋನನ್ನು ಬೈದು ಪ್ರಯೋಜನವಿಲ್ಲ, ಕಾಯಬೇಕು. ಕಂಪ್ಯೂಟರಿನಲ್ಲಿ ಇದ್ದು ಫೋನಿನಲ್ಲಿ ಇಲ್ಲದಿದ್ದರೆ ಮಾತ್ರ ಈ ಮೂರು ಬಾಗಿಲು ನೋಡಿ.

ಹಂತ 5: ಆಂಡ್ರಾಯ್ಡ್ ಫೋನೇ ನೇರವಾಗಿ ತರಬೇಕಾದರೆ

ಇದಕ್ಕೆ ಐಸಿಎಸ್‌ಎಕ್ಸ್5 ಎಂಬ ಆ್ಯಪ್ ಇದೆ. ಓಪನ್ ಸೋರ್ಸ್, ಪ್ಲೇ ಸ್ಟೋರಿನಲ್ಲಿ ಸಿಗುತ್ತದೆ. ಮಾಡುವುದು ಒಂದೇ ಕೆಲಸ: ಲಿಂಕಿನಿಂದ ತಂದು ಫೋನಿನ ಕ್ಯಾಲೆಂಡರಿಗೆ ಹಾಕುವುದು. ತೋರಿಸುವ ಕೆಲಸ ನಿಮ್ಮ ಮಾಮೂಲಿ ಕ್ಯಾಲೆಂಡರ್ ಆ್ಯಪ್‌ನದ್ದೇ.

1. ಆ್ಯಪ್ ಹಾಕಿಕೊಂಡು ಕ್ಯಾಲೆಂಡರ್ ಅನುಮತಿ ಕೇಳಿದಾಗ ಕೊಡಿ. ಕೊಡದಿದ್ದರೆ ಅದಕ್ಕೆ ಕೆಲಸವೇ ಇಲ್ಲ.

2. ಪ್ಲಸ್ ಒತ್ತಿ ಲಿಂಕ್ ಪೇಸ್ಟ್ ಮಾಡಿ, ಹೆಸರು ಕೊಡಿ, ಬಣ್ಣ ಆರಿಸಿ.

3. ಸಿಂಕ್ ಅಂತರ ಆರಿಸಿ. ಗಂಟೆಗೊಮ್ಮೆ ಧಾರಾಳ ಸಾಕು. ಬರೀ ರಜೆ ಪಟ್ಟಿ ಇದ್ದರೆ ದಿನಕ್ಕೊಮ್ಮೆ.

4. ಫೋನಿನ ಬ್ಯಾಟರಿ ಸೆಟ್ಟಿಂಗ್ಸ್‌ಗೆ ಹೋಗಿ ಈ ಆ್ಯಪ್‌ಗೆ ಇರುವ ನಿರ್ಬಂಧ ತೆಗೆಯಿರಿ. ಕೆಲವು ಕಂಪನಿಗಳ ಫೋನುಗಳು ಪರದೆಯ ಹಿಂದೆ ಓಡುವ ಆ್ಯಪ್‌ಗಳನ್ನು ಸದ್ದಿಲ್ಲದೆ ನಿಲ್ಲಿಸಿಬಿಡುತ್ತವೆ. ಎರಡು ದಿನ ಸರಿ ಇದ್ದು ಆಮೇಲೆ ನಿಂತರೆ ಕಾರಣ ಇದೇ ಎಂದು ಹಿಡಿಯಬಹುದು.

ಫೋನ್ ಬದಲಾಯಿಸಿದಾಗ ಈ ಕ್ಯಾಲೆಂಡರ್ ತಾನಾಗಿ ಹೊಸ ಫೋನಿಗೆ ಬರುತ್ತದೆ ಎಂದುಕೊಳ್ಳಬೇಡಿ. ಲಿಂಕನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಹಂತ 6: ಐಫೋನ್

ಕ್ಯಾಲೆಂಡರ್ ಆ್ಯಪ್ ತೆರೆದು 'ಕ್ಯಾಲೆಂಡರ್ಸ್' ಒತ್ತಿ. ಅಲ್ಲಿ 'ಆಡ್ ಕ್ಯಾಲೆಂಡರ್', ಅದರಲ್ಲಿ 'ಆಡ್ ಸಬ್‌ಸ್ಕ್ರಿಪ್ಷನ್ ಕ್ಯಾಲೆಂಡರ್'. ಲಿಂಕ್ ಪೇಸ್ಟ್ ಮಾಡಿ 'ಸಬ್‌ಸ್ಕ್ರೈಬ್' ಒತ್ತಿ. ಹಳೆಯ ಐಫೋನಿನಲ್ಲಿ ಈ ಆಯ್ಕೆ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಕ್ಯಾಲೆಂಡರ್ ಅಕೌಂಟ್ಸ್‌ನಲ್ಲಿ 'ಆಡ್ ಅಕೌಂಟ್', 'ಅದರ್', 'ಆಡ್ ಸಬ್‌ಸ್ಕ್ರೈಬ್ಡ್ ಕ್ಯಾಲೆಂಡರ್' ಎಂದು ಹೋಗಬಹುದು.

ಇಷ್ಟಕ್ಕೇ ಕೆಲಸ ಮುಗಿಯಿತು ಎಂದು ಬಿಡುವವರೇ ಜಾಸ್ತಿ. ಮುಗಿದಿಲ್ಲ. ಅದೇ ಅಕೌಂಟ್ಸ್ ಪುಟದ ಕೆಳಗೆ 'ಫೆಚ್ ನ್ಯೂ ಡೇಟಾ' ಇದೆ, ಅದನ್ನು ತೆರೆಯಿರಿ. 'ಆಟೊಮ್ಯಾಟಿಕಲಿ' ಎಂದು ಇದ್ದರೆ ಹೆಸರು ನೋಡಿ ಮೋಸ ಹೋಗಬೇಡಿ. ಅದರ ಅರ್ಥ ಫೋನ್ ಚಾರ್ಜಿಗೆ ಇದ್ದು, ವೈಫೈ ಕೂಡ ಇದ್ದಾಗ ಮಾತ್ರ ಹಿಂದೆ ಓಡಿ ತರುತ್ತದೆ ಎಂದು. ಮನೆಯಲ್ಲಿ ವೈಫೈ ಇಲ್ಲದೆ ಬರೀ ಮೊಬೈಲ್ ಡೇಟಾ ಬಳಸುವವರಿಗೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಆಗುಂಬೆ ಕಡೆಯವರಿಗೆ ಆ ಗಳಿಗೆ ಕೂಡಿಬರುವುದೇ ಅಪರೂಪ. 'ಅವರ್ಲಿ' ಎಂದು ಬದಲಾಯಿಸಿ.

ಹಂತ 7: ನಿಜವಾಗಿ ಸಬ್‌ಸ್ಕ್ರೈಬ್ ಆಗಿದೆಯಾ, ಖಾತ್ರಿ ಮಾಡಿಕೊಳ್ಳಿ

ಬಂದ ಯಾವುದಾದರೂ ಒಂದು ಕಾರ್ಯಕ್ರಮದ ಮೇಲೆ ಒತ್ತಿ. ತಿದ್ದುವ ಪೆನ್ಸಿಲ್ ಗುರುತು ಕಾಣುತ್ತದಾ? ಕ್ಯಾಲೆಂಡರಿನ ಹೆಸರಿನ ಜಾಗದಲ್ಲಿ ನಿಮ್ಮದೇ ಇಮೇಲ್ ಇದೆಯಾ? ಹಾಗಿದ್ದರೆ ಅದು ಇಂಪೋರ್ಟ್. ಸಬ್‌ಸ್ಕ್ರೈಬ್ ಆದದ್ದನ್ನು ನೀವು ತಿದ್ದಲು ಬರುವುದಿಲ್ಲ, ನೋಡಬಹುದು ಅಷ್ಟೇ.

ಇಂಪೋರ್ಟ್ ಆಗಿಹೋಗಿದ್ದರೆ, ಅದೂ ನಿಮ್ಮ ಮುಖ್ಯ ಕ್ಯಾಲೆಂಡರಿನೊಳಗೆ ಬೆರೆತಿದ್ದರೆ, ಒಂದೊಂದನ್ನೇ ಅಳಿಸಬೇಕು. ಬೇಸರವಾಗಿ ಮುಖ್ಯ ಕ್ಯಾಲೆಂಡರಿನ 'ಡಿಲೀಟ್' ಒತ್ತಿಬಿಡಬೇಡಿ. ಗೂಗಲ್ಲಿನಲ್ಲಿ ಹಾಗೆ ಮಾಡಿದರೆ ನಿಮ್ಮ ಸ್ವಂತ ಕಾರ್ಯಕ್ರಮಗಳೂ ಪೂರ್ತಿ ಹೋಗುತ್ತವೆ. ಇಂಪೋರ್ಟ್ ಮಾಡಲೇಬೇಕಾದ ಸಂದರ್ಭ ಬಂದರೆ ಮೊದಲು ಹೊಸ ಖಾಲಿ ಕ್ಯಾಲೆಂಡರ್ ಮಾಡಿಕೊಂಡು ಅದಕ್ಕೆ ಹಾಕಿ. ಬೇಡವಾದಾಗ ಅದೊಂದನ್ನೇ ಕಿತ್ತುಹಾಕಬಹುದು.

ಹಂತ 8: ನೆನಪಿಸುವ ಗಂಟೆ

ಕ್ಯಾಲೆಂಡರ್ ಬಂತು, ಆದರೆ ಫೋನ್ ಸದ್ದು ಮಾಡಲಿಲ್ಲ ಎನ್ನುವ ದೂರು ಬೇರೆ. ಗೂಗಲ್ ಮೂಲಕ ತಂದ ಫೀಡಿಗೆ ಗಂಟೆಯನ್ನು ನೀವೇ ಇಡಬೇಕು. ಬ್ರೌಸರಿನ ಗೂಗಲ್ ಕ್ಯಾಲೆಂಡರಿನಲ್ಲಿ ಆ ಹೆಸರಿನ ಸೆಟ್ಟಿಂಗ್ಸ್ ತೆರೆದು ನೋಟಿಫಿಕೇಶನ್ ಸೇರಿಸಿ. ಇಡೀ ದಿನದ ಕಾರ್ಯಕ್ರಮಕ್ಕೂ ಸಮಯ ಇರುವ ಕಾರ್ಯಕ್ರಮಕ್ಕೂ ಬೇರೆ ಬೇರೆ ಇಡಬೇಕು.

ಐಫೋನಿನಲ್ಲಿ ಸಬ್‌ಸ್ಕ್ರಿಪ್ಷನ್ ವಿವರದಲ್ಲಿ ಅಲಾರಂ ತೆಗೆಯುವ ಆಯ್ಕೆ ಇದೆ. ಗಂಟೆ ಬೇಕಾದವರು ಅದನ್ನು ಆಫ್ ಇಡಿ. ಐಸಿಎಸ್‌ಎಕ್ಸ್5ರಲ್ಲೂ ಪ್ರತಿ ಫೀಡಿಗೆ ಬೇರೆಬೇರೆಯಾಗಿ ಹೇಳಬಹುದು.

ಹೋಂಸ್ಟೇ ನಡೆಸುವವರು ಇಷ್ಟನ್ನು ಬಿಡದೆ ಓದಿ

ಏರ್‌ಬಿಎನ್‌ಬಿ, ಬುಕಿಂಗ್ ಡಾಟ್ ಕಾಮ್ ಎರಡೂ ನಿಮ್ಮ ರೂಮಿನ ಬುಕಿಂಗನ್ನು ಐಕ್ಯಾಲ್ ಲಿಂಕಾಗಿ ಕೊಡುತ್ತವೆ. ಎರಡನ್ನೂ ಫೋನಿಗೆ ಹಾಕಿಕೊಂಡು, ಬೇರೆ ಬೇರೆ ಬಣ್ಣ ಕೊಟ್ಟು ಒಂದೇ ಕಡೆ ನೋಡುವುದು ಒಳ್ಳೆಯದೇ. ಆದರೆ ಒಂದೇ ರೂಮು ಇಬ್ಬರಿಗೆ ಹೋಗದಂತೆ ತಡೆಯುವುದು ನಿಮ್ಮ ಫೋನಿನ ಕೆಲಸವಲ್ಲ, ಅದರಿಂದ ಆಗುವುದೂ ಇಲ್ಲ. ಗೂಗಲ್ 12 ಗಂಟೆ ತಡ ಮಾಡಬಹುದು ಎಂದೆನಲ್ಲ, ದಸರಾ ರಜೆಯಲ್ಲಿ ಅಷ್ಟು ಹೊತ್ತಿಗೆ ಬೆಂಗಳೂರಿನಿಂದ ಎರಡು ಕಾರು ಹೊರಟಾಗಿರುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಎರಡು ಸೈಟುಗಳನ್ನು ಒಂದಕ್ಕೊಂದು ಜೋಡಿಸಿ: ಇದರ ಲಿಂಕನ್ನು ಅದರ ಇಂಪೋರ್ಟ್ ಜಾಗಕ್ಕೆ, ಅದರ ಲಿಂಕನ್ನು ಇದರ ಇಂಪೋರ್ಟ್ ಜಾಗಕ್ಕೆ. ಈ ಸೈಟುಗಳಲ್ಲಿ ಇಂಪೋರ್ಟ್ ಎಂದರೆ ಒಂದು ಸಲದ ಕಾಪಿ ಅಲ್ಲ, ಅವು ಆಗಾಗ ಹೋಗಿ ನೋಡುತ್ತವೆ. ಆಮೇಲೆ ಫೋನಿಗೆ ಹಾಕಿಕೊಳ್ಳಿ. ಫೋನ್ ಮಾಡಿ ಬುಕ್ ಮಾಡುವ ಹಳೆಯ ಗಿರಾಕಿಗಳ ದಿನಾಂಕವನ್ನು ಆ ಕ್ಷಣವೇ ಎರಡೂ ಸೈಟಿನಲ್ಲಿ ಕೈಯಾರೆ ಬ್ಲಾಕ್ ಮಾಡಿ. ಜೋಡಣೆ ಇದ್ದರೂ ನಡುವೆ ತುಸು ಹೊತ್ತು ಹಿಡಿಯುತ್ತದೆ. ಅದಕ್ಕೇ ವಾರಾಂತ್ಯದ ದಿನಾಂಕಗಳನ್ನು ಇದರ ಮೇಲೆ ಬಿಟ್ಟು ಮಲಗಬೇಡಿ.

ಇನ್ನೆರಡು ಗೊಂದಲ. 12ಕ್ಕೆ ಬಂದು 14ಕ್ಕೆ ಹೋಗುವ ಅತಿಥಿಯ ಬಣ್ಣದ ಪಟ್ಟಿ ಕ್ಯಾಲೆಂಡರಿನಲ್ಲಿ 12 ಮತ್ತು 13ರ ಮೇಲೆ ಮಾತ್ರ ಇರುತ್ತದೆ. 14 ಖಾಲಿ ಕಾಣುತ್ತದೆ. ಅದು ಸರಿ. ಈ ಫೈಲುಗಳಲ್ಲಿ ಕೊನೆಯ ದಿನಾಂಕ ಲೆಕ್ಕಕ್ಕೆ ಸೇರುವುದಿಲ್ಲ, ಅಂದು ಮಧ್ಯಾಹ್ನ ಬೇರೆಯವರು ಬರಬಹುದು. ತಿಂಡಿಗೆ ಎಷ್ಟು ಜನ ಎಂದು ಲೆಕ್ಕ ಹಾಕುವಾಗ ಮಾತ್ರ 14ರ ಬೆಳಗ್ಗೆ ಅವರಿನ್ನೂ ಮನೆಯಲ್ಲಿ ಇರುತ್ತಾರೆ ಎನ್ನುವುದು ನೆನಪಿರಲಿ. ಎರಡನೆಯದು, ಏರ್‌ಬಿಎನ್‌ಬಿ ಫೀಡಿನಲ್ಲಿ ಅತಿಥಿಯ ಹೆಸರು ಬರುವುದಿಲ್ಲ, 'ರಿಸರ್ವ್ಡ್' ಎಂದಷ್ಟೇ ಇರುತ್ತದೆ. ಹೆಸರಿಗೆ ಆ್ಯಪ್ ತೆರೆಯಲೇಬೇಕು.

ಏನೋ ಸರಿಯಿಲ್ಲ ಎಂದು ತೋರಿಸುವ ಲಕ್ಷಣಗಳು

*ಎಲ್ಲವೂ ಐದೂವರೆ ಗಂಟೆ ಆಚೀಚೆ.* ಬೆಳಗ್ಗೆ 10ರ ಪರೀಕ್ಷೆ ಮಧ್ಯಾಹ್ನ 3:30ಕ್ಕೆ ಎಂದು ಕಾಣುತ್ತಿದ್ದರೆ ನಿಮ್ಮ ಫೋನಿನ ತಪ್ಪಲ್ಲ. ಫೀಡಿನ ಫೈಲ್ ತೆರೆದು ಸಮಯದ ಸಾಲು ನೋಡಿ: ಮೊದಲು ವರ್ಷ ತಿಂಗಳು ದಿನ ಸೇರಿ ಎಂಟು ಅಂಕಿ, ನಂತರ ಟಿ, ನಂತರ ಆರು ಅಂಕಿಯ ಸಮಯ, ಕೊನೆಗೆ ಜೆಡ್ ಅಕ್ಷರ. ಆ ಜೆಡ್ ಇದ್ದರೆ ಸಮಯ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಲೆಕ್ಕದಲ್ಲಿದೆ ಎಂದರ್ಥ, ಫೋನ್ ಅದಕ್ಕೆ ಐದೂವರೆ ಗಂಟೆ ಕೂಡಿಸುತ್ತದೆ. ನಮ್ಮ ಬೆಳಗ್ಗೆ 10 ಗಂಟೆಗೆ ಅಲ್ಲಿ 043000 ಇರಬೇಕು. 100000 ಎಂದಿದ್ದು ಕೊನೆಗೆ ಜೆಡ್ ಕೂಡ ಇದ್ದರೆ ಫೀಡ್ ಮಾಡಿದವರು ತಪ್ಪಿದ್ದಾರೆ. ಅವರಿಗೇ ಹೇಳಬೇಕು. ನಿಮ್ಮ ಫೋನಿನ ಟೈಂ ಝೋನ್ ಬದಲಾಯಿಸಿ ಸರಿ ಮಾಡಲು ಹೋದರೆ ಉಳಿದೆಲ್ಲ ಕೆಡುತ್ತದೆ. ಬೆಳಗ್ಗೆ 5:30ಕ್ಕೆ ಶುರುವಾಗುವ ವಿಚಿತ್ರ ರಜೆಗಳು ಕಂಡರೂ ಕಾರಣ ಇದೇ.

*ಪ್ರತಿಯೊಂದೂ ಎರಡೆರಡು.* ಒಂದು ಇಂಪೋರ್ಟ್, ಒಂದು ಸಬ್‌ಸ್ಕ್ರಿಪ್ಷನ್. ಅಥವಾ ಗೂಗಲ್ ಮೂಲಕವೂ ನೇರವಾಗಿಯೂ ಸೇರಿಸಿದ್ದೀರಿ. ಒಂದನ್ನು ತೆಗೆಯಿರಿ.

*"ನಿಮ್ಮ ಫೋನಿಗೆ ವೈರಸ್ ಬಂದಿದೆ" ಎಂಬ ಕಾರ್ಯಕ್ರಮಗಳು.* ಇದು ಐಫೋನಿನವರಿಗೆ ಜಾಸ್ತಿ. ಯಾವುದೋ ಸೈಟಿನಲ್ಲಿ ಅರಿಯದೆ 'ಸಬ್‌ಸ್ಕ್ರೈಬ್' ಒತ್ತಿದ್ದೀರಿ. ಫೋನಿಗೆ ವೈರಸ್ ಬಂದಿಲ್ಲ. ಕಾರ್ಯಕ್ರಮದ ಒಳಗಿರುವ ಲಿಂಕ್ ಮಾತ್ರ ಒತ್ತಬೇಡಿ. ಆ ಕಾರ್ಯಕ್ರಮ ತೆರೆದು ಕೆಳಗಿರುವ 'ಅನ್‌ಸಬ್‌ಸ್ಕ್ರೈಬ್' ಒತ್ತಿದರೆ ಇಡೀ ಕಸ ಒಟ್ಟಿಗೇ ಹೋಗುತ್ತದೆ.

*ಕೆಲವು ತಿಂಗಳ ನಂತರ ಸದ್ದಿಲ್ಲದೆ ನಿಂತಿದೆ.* ಲಿಂಕ್ ಬದಲಾಗಿದೆ. ಹೊಸ ವರ್ಷಕ್ಕೆ ಹೊಸ ಲಿಂಕ್ ಮಾಡುವ ಸಂಸ್ಥೆಗಳಿವೆ. ಹಂತ 1ರ ಪರೀಕ್ಷೆಯನ್ನು ಮತ್ತೆ ಮಾಡಿ.

ನಿಮ್ಮದೇ ಫೀಡ್ ಮಾಡಿ ಹಂಚುವುದಾದರೆ

ಊರಿನ ಕಾರ್ಯಕ್ರಮಗಳಿಗೆ ಯಾರೂ ಫೀಡ್ ಮಾಡಿಟ್ಟಿರುವುದಿಲ್ಲ, ನೀವೇ ಮಾಡಬೇಕು. ಬ್ರೌಸರಿನ ಗೂಗಲ್ ಕ್ಯಾಲೆಂಡರಿನಲ್ಲಿ ಅದೇ ಪ್ಲಸ್ ಗುರುತಿನಿಂದ 'ಕ್ರಿಯೇಟ್ ನ್ಯೂ ಕ್ಯಾಲೆಂಡರ್' ಆರಿಸಿ. ದಿನಾಂಕಗಳನ್ನು ತುಂಬಿ. ಅದರ ಸೆಟ್ಟಿಂಗ್ಸ್‌ನ 'ಇಂಟಿಗ್ರೇಟ್ ಕ್ಯಾಲೆಂಡರ್' ಭಾಗದಲ್ಲಿ ಐಕ್ಯಾಲ್ ವಿಳಾಸಗಳು ಎರಡು ಇವೆ. ಪಬ್ಲಿಕ್ ವಿಳಾಸ ಕೆಲಸ ಮಾಡಲು ಕ್ಯಾಲೆಂಡರನ್ನು ಎಲ್ಲರಿಗೂ ತೆರೆದಿರಬೇಕು. ಜಾತ್ರೆ ಪಟ್ಟಿಗೆ ಇದು ಸರಿ. ಸೀಕ್ರೆಟ್ ವಿಳಾಸ ಮನೆಯವರಿಗೆ ಮಾತ್ರ. ಅದು ಯಾರ ಕೈಗೆ ಸಿಕ್ಕರೂ ಪಾಸ್‌ವರ್ಡ್ ಇಲ್ಲದೆ ಎಲ್ಲ ಓದಬಹುದು, ಹಾಗಾಗಿ ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಹಾಕಿಬಿಟ್ಟಿದ್ದರೆ ಪಕ್ಕದಲ್ಲೇ 'ರೀಸೆಟ್' ಇದೆ, ಹಳೆಯ ಲಿಂಕ್ ಸತ್ತುಹೋಗುತ್ತದೆ.

ದಿನಾಂಕ ತುಂಬುವಾಗ ಒಂದು ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ಬ್ಯಾಂಕಿಗೆ ರಜೆ ಇರುವ ಎರಡನೇ ಮತ್ತು ನಾಲ್ಕನೇ ಶನಿವಾರಕ್ಕೆ ರಿಪೀಟ್ ಹಾಕಬಹುದು, 'ತಿಂಗಳ ಎರಡನೇ ಶನಿವಾರ' ಎಂದು ಆರಿಸುವ ಅವಕಾಶವಿದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ವರ್ಷಕ್ಕೊಮ್ಮೆ ಎಂದು ರಿಪೀಟ್ ಹಾಕಿದರೆ ಮುಂದಿನ ವರ್ಷ ತಪ್ಪು ದಿನ ತೋರಿಸುತ್ತದೆ, ಅದು ತಿಥಿಯ ಮೇಲೆ ನಡೆಯುವಂಥದ್ದು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಇವಕ್ಕೂ ದಿನಾಂಕ ಗೊತ್ತಾದ ಮೇಲೆ ಕೈಯಿಂದಲೇ ತುಂಬಿ. ಅಡಿಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನವನ್ನೂ ಹೀಗೇ ಇಡಬಹುದು: ಮಳೆ ಹಿಡಿಯುವ ಮೊದಲು ಮಾಡಿದ ಮೊದಲ ಸಿಂಪಡಣೆಯ ದಿನ ಬರೆದು, 40ರಿಂದ 45 ದಿನ ಬಿಟ್ಟು ಎರಡನೆಯದು.

ಬೇಡವಾದಾಗ ತೆಗೆಯುವುದು

ಫೋನಿನಲ್ಲಿ ಟಿಕ್ ತೆಗೆದರೆ ಕ್ಯಾಲೆಂಡರ್ ಅಡಗುತ್ತದೆ, ಹೋಗುವುದಿಲ್ಲ. ಗೂಗಲ್ ಮೂಲಕ ಸೇರಿಸಿದ್ದನ್ನು ಬ್ರೌಸರಿನಲ್ಲೇ ತೆಗೆಯಬೇಕು: ಆ ಹೆಸರಿನ ಸೆಟ್ಟಿಂಗ್ಸ್ ತೆರೆದು ಕೊನೆಗೆ ಇಳಿದರೆ 'ಅನ್‌ಸಬ್‌ಸ್ಕ್ರೈಬ್' ಸಿಗುತ್ತದೆ. ಐಸಿಎಸ್‌ಎಕ್ಸ್5ರಲ್ಲಿ ಸೇರಿಸಿದ್ದನ್ನು ಅದರೊಳಗೆ, ಐಫೋನಿನದ್ದನ್ನು ಕ್ಯಾಲೆಂಡರ್ ಪಟ್ಟಿಯಲ್ಲಿ ಹೆಸರಿನ ಪಕ್ಕದ 'ಐ' ಗುರುತು ಒತ್ತಿ ತೆಗೆಯಿರಿ. ಮೂಲ ಕ್ಯಾಲೆಂಡರಿಗೆ ಏನೂ ಆಗುವುದಿಲ್ಲ. ಲಿಂಕ್ ಇದ್ದರೆ ಯಾವಾಗ ಬೇಕಾದರೂ ಮತ್ತೆ ಸೇರಿಸಬಹುದು.